ಮೂರು ಕೋಣೆಯ ನರ್ಸರಿಯಿಂದ ಎಸ್ಸೆಸ್ಸೆಲ್ಸಿವರೆಗೆ: ನಮ್ಮ ಶಾಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್, ಮೇ ಬಂತೆಂದರೆ ನಮ್ಮ ಆಫೀಸಿನ ಬೆಂಚು ಖಾಲಿ ಇರುವುದಿಲ್ಲ. ಕೂತವರು ಬೇರೆ ಬೇರೆ, ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ನಾನು ಈ ಶಾಲೆಗೆ ಗಣಿತದ ಮೇಷ್ಟ್ರಾಗಿ ಸೇರಿದವನು. ಆಮೇಲೆ ಲೆಕ್ಕಪತ್ರವೂ ನನ್ನ ಕೊರಳಿಗೆ ಬಿತ್ತು. ಈಗ ಎರಡೂ ನನ್ನದೇ. ಹೇಳಿದ್ದನ್ನೇ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಒಮ್ಮೆ ಬರೆದಿಡೋಣ ಅನ್ನಿಸಿತು. ಶಾಲೆಯ ಹೆಸರು ಹಾಕಿಲ್ಲ. ನಮ್ಮ ತಪ್ಪುಗಳನ್ನೂ ಇಲ್ಲಿ ಬರೆದಿದ್ದೇನೆ, ಜೊತೆಗೆ ದಾವಣಗೆರೆಯಲ್ಲಿ ಇಂಥ ಸಣ್ಣ ಶಾಲೆಗಳ ಕತೆ ಬಹುಪಾಲು ಒಂದೇ.

ಶಾಲೆ ಶುರುವಾದದ್ದು ಯಾವಾಗ, ಎಲ್ಲಿ?

1990ರ ದಶಕದ ಶುರುವಿನಲ್ಲಿ. ಹಳೇ ದಾವಣಗೆರೆ ಕಡೆಯ ಒಂದು ಬಾಡಿಗೆ ಮನೆಯಲ್ಲಿ. ಮೂರು ಕೋಣೆ, ಹಿಂದೆ ಒಂದು ಬಾವಿ, ಮುಂದೆ ಸಣ್ಣ ಜಗಲಿ. ಬಾವಿಗೆ ಮೊದಲ ದಿನವೇ ಹಲಗೆ ಮುಚ್ಚಿ ಕಲ್ಲು ಹೇರಿದರು. ಗಾಳಿ ಈ ಕಡೆ ಬೀಸಿದರೆ ಮಂಡಕ್ಕಿ ಭಟ್ಟಿಯ ಹೊಗೆ ಕ್ಲಾಸಿಗೇ ಬರುತ್ತಿತ್ತು. ಆಗ ಎಲ್‌ಕೆಜಿ, ಯುಕೆಜಿ ಎರಡೇ ತರಗತಿ. ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು, ಅವರ ಸೊಸೆ, ಪಕ್ಕದ ಬೀದಿಯ, ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಮುಗಿಸಿದ ಒಬ್ಬ ಹುಡುಗಿ, ಇಷ್ಟೇ ಸಿಬ್ಬಂದಿ. ಆ ಹುಡುಗಿ ಈಗ ನಮ್ಮ ಮುಖ್ಯ ಶಿಕ್ಷಕಿ. ಎಲ್ಲರಿಗೂ ಅವರು "ದೊಡ್ಡ ಮಿಸ್ಸು".

ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲಾ ಮಟ್ಟದ ಸಹಿ ಬೇಕಾದ ಕಾಗದವಿದ್ದರೆ ಬೆಳಗ್ಗೆ ಎದ್ದು ದುರ್ಗದ ಬಸ್ಸು ಹತ್ತಬೇಕು. ಸುಮಾರು 60 ಕಿಲೋಮೀಟರ್. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಅಂದರೆ ಮತ್ತೆ ನಾಳೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಊರಿನವರು ಪಟಾಕಿ ಹೊಡೆದು ಸಂಭ್ರಮಿಸಿದರು. ನಮ್ಮ ಹೆಡ್‌ಮೇಷ್ಟ್ರು ಮಾತ್ರ "ಇನ್ನು ಬಸ್ ಚಾರ್ಜ್ ಉಳೀತು ಬಿಡ್ರಪ್ಪ" ಎಂದರು.

ಊರಲ್ಲಿ ಆಗಲೇ ದೊಡ್ಡ ದೊಡ್ಡ ಸಂಸ್ಥೆಗಳಿದ್ದವು. ಇನ್ನೊಂದು ಸಣ್ಣ ಶಾಲೆ ಯಾಕೆ ಬೇಕಾಯಿತು?

ಈ ಪ್ರಶ್ನೆ ನಮ್ಮನ್ನು ಆಗಲೇ ಬಹಳ ಜನ ಕೇಳಿದ್ದರು, ನಕ್ಕೂ ಇದ್ದರು.

ದಾವಣಗೆರೆಗೆ ಮೊದಲು ಹೆಸರು ಬಂದದ್ದು ಹತ್ತಿ ಗಿರಣಿಗಳಿಂದ. ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ಕರೆಯುತ್ತಿದ್ದರು. ಮಂಡಿ ವ್ಯಾಪಾರಿಗಳು, ಗಿರಣಿ ಮಾಲೀಕರು, ಮಠಗಳು ಸೇರಿ ಶಾಲೆ, ಕಾಲೇಜು, ಹಾಸ್ಟೆಲ್ ಕಟ್ಟಿಸಿದರು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಶುರುವಾಯಿತು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು. ಸಿರಿಗೆರೆಯ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆ 1962ರದು. ಅದರ ಶಾಲೆಗಳು ಈ ಭಾಗದ ಹಳ್ಳಿಗಳಿಗೂ ಹೋದವು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಊರು ಉಳಿದದ್ದೇ ಮಂಡಿ, ಆಸ್ಪತ್ರೆ, ಓದು ಈ ಮೂರರ ಮೇಲೆ. ಬೆಣ್ಣೆದೋಸೆ ಸೇರಿಸಿದರೆ ನಾಲ್ಕು.

ಓದಿನ ಊರು ಅಂದಮೇಲೆ ಸುತ್ತಲಿನವರು ಬಂದರು. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ ಕಡೆಯಿಂದ "ಮಕ್ಕಳ ಓದಿಗೆ ಮನೆ ಮಾಡಿದ್ದೀವಿ" ಎನ್ನುವವರು ಇಂದಿಗೂ ಸಿಗುತ್ತಾರೆ. ಅಪ್ಪ ಊರಲ್ಲಿ ಜಮೀನು ನೋಡಿಕೊಳ್ಳುತ್ತಾನೆ. ಅಮ್ಮ, ಅಜ್ಜಿ ಇಲ್ಲಿ ಎರಡು ಕೋಣೆಯ ಮನೆಯಲ್ಲಿ ಮಕ್ಕಳ ಜೊತೆ. ಇವರಿಗೆ ವಿದ್ಯಾನಗರದ, ಎಂಸಿಸಿ ಬ್ಲಾಕಿನ ದೊಡ್ಡ ಶಾಲೆಗಳ ಫೀಸು ಭಾರ. ಸರ್ಕಾರಿ ಶಾಲೆಯಲ್ಲಿ ಆಗ ಎಲ್‌ಕೆಜಿ ಇರಲಿಲ್ಲ, ಇಂಗ್ಲಿಷ್ ಇದ್ದದ್ದೂ ಐದನೇ ಕ್ಲಾಸಿನಿಂದ. ಇವೆರಡರ ನಡುವಿನ ಜಾಗದಲ್ಲೇ ನಮ್ಮಂಥ ಶಾಲೆಗಳು ಹುಟ್ಟಿದ್ದು. ಗಾಡಿ ಹಮಾಲರು, ಆಟೋದವರು, ಸಣ್ಣ ಅಂಗಡಿಯವರು, ಗಿರಣಿ ಬಿಟ್ಟ ಕಾರ್ಮಿಕರು ನಮ್ಮ ಮೊದಲ ಪೋಷಕರು. ನಡೆದು ಬರುವಷ್ಟು ಹತ್ತಿರ ಇದ್ದದ್ದೇ ನಮ್ಮ ದೊಡ್ಡ ಬಂಡವಾಳ. ಮಧ್ಯೆ ರೈಲ್ವೆ ಗೇಟು ದಾಟುವ ತಾಪತ್ರಯ ಇರಲಿಲ್ಲ. ಗೇಟಿನ ಮುಂದೆ ಅರ್ಧ ಗಂಟೆ ನಿಂತವರಿಗೆ ಇದರ ಬೆಲೆ ಗೊತ್ತು, ಅಲ್ವಾ?

ಒಂದು ಶಾಲೆ ತೆರೆಯಲು ಏನೇನು ಬೇಕು? ನಮಗೂ ಆಸೆ ಇದೆ.

ಇದನ್ನು ಕೇಳುವವರು ವರ್ಷಕ್ಕೆ ಒಬ್ಬಿಬ್ಬರಾದರೂ ಬರುತ್ತಾರೆ. ಮೊದಲು ಒಂದು ಸಂಘ ಅಥವಾ ಟ್ರಸ್ಟ್ ಆಗಬೇಕು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ 7 ಜನ ಸದಸ್ಯರು. ನಮ್ಮ ಏಳು ಜನರಲ್ಲಿ ಇಬ್ಬರು ಮಾತ್ರ ಶಾಲೆ ಒಳಗೆ ಕಾಲಿಟ್ಟವರು. ಉಳಿದವರು ಸ್ನೇಹಕ್ಕೆ ಸಹಿ ಹಾಕಿದವರು. ಆ ಸ್ನೇಹ ಆಮೇಲೆ ಎರಡು ಸಲ ಜಗಳವೂ ಆಯಿತು. ಅದಕ್ಕೇ ಹೇಳುವುದು, ಸಹಿ ಹಾಕುವವರನ್ನು ನೋಡಿ ಆರಿಸಿ. ಲಾಭ ಹಂಚಿಕೊಳ್ಳುವ ಹಾಗಿಲ್ಲ ಅನ್ನುವುದನ್ನು ಮೊದಲೇ ಬಾಯಿಬಿಟ್ಟು ಹೇಳಿ.

ಆಮೇಲೆ ಶಿಕ್ಷಣ ಇಲಾಖೆಯ ನೋಂದಣಿ, ಅನುಮತಿ, ಮಾನ್ಯತೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಜಾರಿಗೆ ಬಂದದ್ದು 1995ರ ಜನವರಿಯಲ್ಲಿ. ಹನ್ನೆರಡು ವರ್ಷ ಕಾಯ್ದೆ ಹೆಸರಿಗಷ್ಟೇ ಇತ್ತು. ನಾವು ಒಂದನೇ ಕ್ಲಾಸಿಗೆ ಅರ್ಜಿ ಹಾಕಿದ್ದು ಅದು ಜಾರಿಯಾದ ಮೇಲೆ. ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಪ್ರೌಢಶಾಲೆ, ಪ್ರತಿ ಮೆಟ್ಟಿಲಿಗೂ ಹೊಸ ಫೈಲು. ಸಣ್ಣ ಶಾಲೆ ಬೆಳೆಯುವ ರೀತಿಯೇ ಹಾಗೆ. ಮೊದಲ ಬ್ಯಾಚಿನ ಮಕ್ಕಳು ಒಂದೊಂದೇ ಕ್ಲಾಸು ಮೇಲೆ ಹತ್ತುತ್ತಾರೆ. ಅವರ ಹಿಂದೆ ಓಡುತ್ತಾ ನಾವು ಅನುಮತಿ ತರುತ್ತೇವೆ. ಪೋಷಕರು ಪ್ರತಿ ಮಾರ್ಚಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮುಂದಿನ ಕ್ಲಾಸು ಇದೆಯಾ ಸಾರ್, ಇಲ್ಲಾಂದ್ರೆ ಈಗಲೇ ಹೇಳಿಬಿಡಿ." ಇದೆ ಎಂದು ಹೇಳಿ ಆಮೇಲೆ ಕಾಗದ ತಂದದ್ದೂ ಇದೆ. ಅದು ಸರಿಯಲ್ಲ. ಆದರೆ ಇಲ್ಲ ಅಂದಿದ್ದರೆ ಆ ಮಕ್ಕಳು ಅಂದೇ ಹೋಗುತ್ತಿದ್ದರು, ಹಿಂದೆಯೇ ಶಾಲೆಯೂ.

ನಿಮ್ಮದು ಕನ್ನಡ ಮಾಧ್ಯಮವಾ, ಇಂಗ್ಲಿಷ್ ಮಾಧ್ಯಮವಾ? ಹಳಬರು ಒಂದು ಹೇಳುತ್ತಾರೆ, ಬೋರ್ಡಿನಲ್ಲಿ ಇನ್ನೊಂದಿದೆ.

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

1994ರ ಏಪ್ರಿಲ್‌ನಲ್ಲಿ ಸರ್ಕಾರ ಒಂದು ಭಾಷಾ ಆದೇಶ ಮಾಡಿತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂಬುದು ಅದರ ಸಾರ. ಹಾಗಾಗಿ ಆಮೇಲೆ ಅರ್ಜಿ ಹಾಕಿದ ಶಾಲೆಗಳಿಗೆ ಕನ್ನಡ ಮಾಧ್ಯಮಕ್ಕೇ ಅನುಮತಿ ಸಿಗುತ್ತಿತ್ತು. ನಾವೂ ಕನ್ನಡ ಮಾಧ್ಯಮ ಎಂದೇ ಬರೆದುಕೊಟ್ಟೆವು. ಆದರೆ ಫೀಸು ಕಟ್ಟುವ ಅಪ್ಪ ಅಮ್ಮ ಬಂದದ್ದು ಇಂಗ್ಲಿಷ್‌ಗಾಗಿ. ರಾಜ್ಯದ ತುಂಬ ಎಷ್ಟೋ ಶಾಲೆಗಳು ಏನು ಮಾಡಿದವೋ ನಾವೂ ಅದನ್ನೇ ಮಾಡಿದೆವು. ಕಾಗದದಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್. ಮಕ್ಕಳ ಚೀಲದಲ್ಲಿ ಎರಡು ಸೆಟ್ ಪುಸ್ತಕ. ತಪಾಸಣೆಗೆ ಬರುತ್ತಾರೆ ಅಂದ ದಿನ ಇಂಗ್ಲಿಷ್ ಗಣಿತದ ಪುಸ್ತಕ ಮನೆಯಲ್ಲೇ ಬಿಟ್ಟು ಬನ್ನಿ ಎಂದು ಹೇಳುತ್ತಿದ್ದೆವು.

ಒಮ್ಮೆ ಬಂದ ಅಧಿಕಾರಿ ಎರಡನೇ ಕ್ಲಾಸಿನ ಹುಡುಗಿಯನ್ನು ಎಬ್ಬಿಸಿ ಏಳು ಮತ್ತು ಎಂಟು ಕೂಡಿಸಿದರೆ ಎಷ್ಟಮ್ಮಾ ಎಂದು ಕೇಳಿದರು. ಅವಳು ಥಟ್ಟನೆ "ಫಿಫ್ಟೀನ್" ಅಂದಳು. ಆಮೇಲೆ ನಮ್ಮ ಮುಖ ನೋಡಿ, ಏನೋ ತಪ್ಪಾಯಿತು ಎಂದು ಗೊತ್ತಾಗಿ, ಸಣ್ಣ ದನಿಯಲ್ಲಿ "ಹದಿನೈದು" ಅಂದಳು. ಅಧಿಕಾರಿ ಏನೂ ಬರೆದುಕೊಳ್ಳಲಿಲ್ಲ, ಟೀ ಕುಡಿದು ಹೋದರು. ಆ ಮಗು ಆವತ್ತು ನಮ್ಮಿಂದ ಕಲಿತದ್ದು ಸಂಕಲನವಲ್ಲ, ಸುಳ್ಳು. ಇಂದಿಗೂ ನನಗೆ ಚುಚ್ಚುವುದು ಇದೇ.

2006ರಲ್ಲಿ ಸರ್ಕಾರ ಗಟ್ಟಿಯಾಗಿ ನಿಂತಿತು. ಕನ್ನಡ ಮಾಧ್ಯಮದ ಅನುಮತಿ ಪಡೆದು ಇಂಗ್ಲಿಷ್‌ನಲ್ಲಿ ಕಲಿಸುವ ನೂರಾರು ಶಾಲೆಗಳ ಮಾನ್ಯತೆ ರದ್ದು ಮಾಡಿತು. ಪೋಷಕರು ಗೇಟಿನ ಮುಂದೆ ಬಂದು ನಿಂತರು. "ನಮ್ ಮಕ್ಕಳ ಗತಿ ಏನ್ರೀ?" ನಾವು ತಪ್ಪು ಒಪ್ಪಿಕೊಂಡು, ನಾಲ್ಕನೇವರೆಗೆ ಕನ್ನಡದಲ್ಲೇ ಕಲಿಸುತ್ತೇವೆ ಎಂದು ಬರೆದುಕೊಟ್ಟೆವು. ಆ ಎರಡು ವರ್ಷ ನಿಜಕ್ಕೂ ಕನ್ನಡದಲ್ಲಿ ಕಲಿಸಿದೆವು. ಮಕ್ಕಳು ಗಣಿತದಲ್ಲಿ ಸುಧಾರಿಸಿದರು. ಇದು ಗಣಿತದ ಮೇಷ್ಟ್ರಾಗಿ ನಾನು ಕಣ್ಣಾರೆ ಕಂಡದ್ದು. ಆದರೆ ದಾಖಲಾತಿ ಕುಸಿಯಿತು. ಇದೂ ಕಣ್ಣಾರೆ ಕಂಡದ್ದೇ.

2008ರ ಜುಲೈನಲ್ಲಿ ಹೈಕೋರ್ಟಿನ ಪೂರ್ಣಪೀಠ, ಖಾಸಗಿ ಶಾಲೆಗಳ ಮೇಲೆ ಈ ನೀತಿ ಹೇರುವಂತಿಲ್ಲ ಎಂದಿತು. ಸರ್ಕಾರ ಮೇಲ್ಮನವಿ ಹೋಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಹೇಳಿತು. ಮಗುವಿನ ಮಾತೃಭಾಷೆ ಯಾವುದು, ಯಾವ ಮಾಧ್ಯಮದಲ್ಲಿ ಓದಬೇಕು ಎಂಬುದು ಪೋಷಕರ ಆಯ್ಕೆ ಎಂದು ತೀರ್ಪಾಯಿತು. ಆಮೇಲೆ ನಾವು ರಾಜಾರೋಷವಾಗಿ ಇಂಗ್ಲಿಷ್ ಮಾಧ್ಯಮದ ಬೋರ್ಡು ಹಾಕಿದೆವು. ಹಳಬರು ಕನ್ನಡ ಮಾಧ್ಯಮ ಎನ್ನುವುದು ಅದಕ್ಕೇ. ಇಬ್ಬರೂ ಹೇಳುವುದು ನಿಜ.

ಈಗ? ಇಂಗ್ಲಿಷ್ ಮಾಧ್ಯಮ, ಕನ್ನಡ ಕಡ್ಡಾಯ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಸಿಬಿಎಸ್‌ಇ ಶಾಲೆಗಳೂ ಕನ್ನಡ ಕಲಿಸಬೇಕು. ನಮ್ಮಲ್ಲಿ ಮೂರನೇ ಕ್ಲಾಸಿನವರೆಗೆ ಲೆಕ್ಕವನ್ನು ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷ್‌ನಲ್ಲಿ ಬರೆಸುತ್ತೇವೆ. ಇದಕ್ಕೆ ಯಾರ ಅನುಮತಿಯನ್ನೂ ಕೇಳಿಲ್ಲ.

ಈಗಿನ ಕಟ್ಟಡ ಯಾವಾಗ ಆಯಿತು? ಮೊದಲು ಗರಿ ಚಪ್ಪರ ಇತ್ತಂತೆ?

ಇತ್ತು. ಮಕ್ಕಳು ಜಾಸ್ತಿಯಾದಾಗ ಹಿತ್ತಲಲ್ಲಿ ತೆಂಗಿನ ಗರಿ ಹೊದಿಸಿ ಒಂದು ಕ್ಲಾಸು ಮಾಡಿದ್ದೆವು. ಬೇಸಿಗೆಯಲ್ಲಿ ಅದೇ ತಂಪು. ಎಲ್ಲರೂ ಅಲ್ಲೇ ಕೂರಬೇಕು ಅನ್ನುತ್ತಿದ್ದರು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಒಂದು ಖಾಸಗಿ ಶಾಲೆಗೆ ಬೆಂಕಿ ಬಿತ್ತು. ಅಡುಗೆಮನೆಯ ಕಿಡಿ ಗರಿ ಚಾವಣಿಗೆ ಹಿಡಿದು 94 ಮಕ್ಕಳು ಸತ್ತರು. ಆ ಸುದ್ದಿ ಟಿವಿಯಲ್ಲಿ ನೋಡಿದ ರಾತ್ರಿ ಹೆಡ್‌ಮೇಷ್ಟ್ರಿಗೆ ನಿದ್ದೆ ಬರಲಿಲ್ಲವಂತೆ. ಮಾರನೇ ದಿನ ಬೆಳಗ್ಗೆ ನಾವು ಬರುವಷ್ಟರಲ್ಲಿ ಅವರೇ ಇಬ್ಬರು ಆಳುಗಳನ್ನು ಕರೆಸಿ ಗರಿ ಕಿತ್ತು ಹಾಕಿಸುತ್ತಿದ್ದರು. ಒಂದು ತಿಂಗಳು ಎರಡು ಕ್ಲಾಸು ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ನಡೆದವು. ಆಮೇಲೆ ಶೀಟು ಬಂತು. ಒಂದು ಮೇ ತಿಂಗಳ ಗಾಳಿಮಳೆಗೆ ಎರಡು ಶೀಟು ಹಾರಿ ಪಕ್ಕದವರ ದನದ ಕೊಟ್ಟಿಗೆ ಮೇಲೆ ಬಿದ್ದವು. ರಜೆ ಇದ್ದದ್ದು ಪುಣ್ಯ.

ಕುಂಭಕೋಣಂ ಆದ ಮೇಲೆ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ 2009ರಲ್ಲಿ ತೀರ್ಪು ಬಂತು. ಶಾಲಾ ಕಟ್ಟಡದ ಸುರಕ್ಷತೆ, ಬೆಂಕಿ ನಂದಿಸುವ ಸಾಧನ, ಅದನ್ನು ಬಳಸಲು ತರಬೇತಿ, ಎಲ್ಲದಕ್ಕೂ ಅಲ್ಲಿ ನಿರ್ದೇಶನಗಳಿವೆ. ಈಗ ಮಾನ್ಯತೆ ನವೀಕರಣಕ್ಕೆ ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆಯ ಪ್ರಮಾಣಪತ್ರ ಕೇಳುವುದು ಇದಕ್ಕೇ. ಸಣ್ಣ ಶಾಲೆಗಳ ಆಡಳಿತದವರು ಸೇರಿದಲ್ಲೆಲ್ಲ ಈ ಪತ್ರಗಳನ್ನು ಬೈಯುವುದು ರೂಢಿ. ಪತ್ರ ಕೊಡುವಲ್ಲಿನ ಓಡಾಟವನ್ನು ನಾನೂ ಬೈಯುತ್ತೇನೆ. ಪತ್ರವೇ ಬೇಡ ಅನ್ನುವವರ ಜೊತೆ ಸೇರುವುದಿಲ್ಲ.

ಈಗಿನ ಆರ್‌ಸಿಸಿ ಕಟ್ಟಡ ಬ್ಯಾಂಕ್ ಸಾಲದ್ದು. ನೆಲಮಹಡಿ ಒಮ್ಮೆ, ಮೇಲಿನದು ಐದು ವರ್ಷ ಬಿಟ್ಟು. ಮೆಟ್ಟಿಲು ಅಗಲ ಇಡಿಸಿದ್ದು ಅದೇ ಹೆಡ್‌ಮೇಷ್ಟ್ರ ಹಠ. ಒಂದು ಕೋಣೆ ಕಮ್ಮಿಯಾಯಿತು, ಆಗಲಿ.

ಸರ್ಕಾರದ ಅನುದಾನ ಸಿಗುತ್ತದಾ? ಬಿಸಿಯೂಟ ಇದೆಯಾ?

ಎರಡೂ ಇಲ್ಲ. ಅನುದಾನಿತ ಶಾಲೆ ಅಂದರೆ ಶಿಕ್ಷಕರ ಸಂಬಳವನ್ನು ಸರ್ಕಾರ ಕೊಡುವಂಥದ್ದು. ಬಿಸಿಯೂಟ, ಹಾಲು, ಉಚಿತ ಪಠ್ಯಪುಸ್ತಕ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಕೊಡಿ ಎಂಬ ಹೋರಾಟ ಬಹಳ ಕಾಲದ್ದು. ನಾವು ಕನ್ನಡ ಮಾಧ್ಯಮದಲ್ಲಿದ್ದಾಗ ಒಂದೆರಡು ಸಲ ಆ ಧರಣಿಗೆ ಹೋಗಿ ಕೂತಿದ್ದೇವೆ. ಮಕ್ಕಳು ಡಬ್ಬಿ ತರುತ್ತಾರೆ. ಸೋಮವಾರ ಹೆಚ್ಚಿನ ಡಬ್ಬಿಗಳಲ್ಲಿ ಚಿತ್ರಾನ್ನವೇ.

ಹಾಗಾದರೆ ಶಾಲೆ ನಡೆಯುವುದು ಯಾವ ಹಣದಲ್ಲಿ? ಫೀಸು ಪ್ರತಿ ವರ್ಷ ಯಾಕೆ ಏರುತ್ತದೆ?

ಫೀಸಿನಲ್ಲಿ ಅಂತ ಹೇಳಿದರೆ ಅರ್ಧ ಸತ್ಯ. ಫೀಸು, ಸಾಲ, ಮತ್ತೆ ಶಿಕ್ಷಕರಿಗೆ ನಾವು ಕೊಡದೆ ಉಳಿಸಿಕೊಂಡ ಸಂಬಳ. ಮೂರನೆಯದನ್ನು ಯಾವ ಸಣ್ಣ ಶಾಲೆಯೂ ಬೋರ್ಡಿನಲ್ಲಿ ಬರೆಯುವುದಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಫೀಸು ಬರುವ ಕಾಲಕ್ಕೂ ಕ್ಯಾಲೆಂಡರಿಗೂ ಸಂಬಂಧವಿಲ್ಲ. ಜೂನ್‌ನಲ್ಲಿ ಕಟ್ಟಬೇಕು ಎಂದು ಚೀಟಿ ಕೊಡುತ್ತೇವೆ. ಜೂನ್‌ನಲ್ಲಿ ರೈತರ ಕೈಯಲ್ಲಿ ದುಡ್ಡು ಎಲ್ಲಿರುತ್ತದೆ? ಬೀಜ, ಗೊಬ್ಬರಕ್ಕೆ ಅವರೇ ಸಾಲ ಮಾಡಿರುತ್ತಾರೆ. "ಮೆಕ್ಕೆಜೋಳ ಮಾರಿದ ಮೇಲೆ ಕೊಡ್ತೀನಿ ಸಾರ್" ಎನ್ನುತ್ತಾರೆ. ಹಾಗೆಂದರೆ ದೀಪಾವಳಿ ಆಚೆ. ಭದ್ರಾ ನಾಲೆಯ ಕೆಳಗಿನವರು ಭತ್ತ ಕೊಯ್ದ ಮೇಲೆ. ಚನ್ನಗಿರಿ ಕಡೆಯವರು ಅಡಿಕೆ ಮಾರಿದ ಮೇಲೆ. ಅಡಿಕೆಯವರು ಮಾತ್ರ ಒಮ್ಮೆಗೇ ಕಟ್ಟುತ್ತಾರೆ. ಮೆಕ್ಕೆಜೋಳದ ರೇಟು ಬಿದ್ದ ವರ್ಷ ಎಪಿಎಂಸಿಯಲ್ಲಿ ಎಷ್ಟು ಗದ್ದಲವೋ ನಮ್ಮ ಆಫೀಸಿನಲ್ಲಿ ಅಷ್ಟೇ ಮೌನ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಮನೆ ತುಂಬ ನೆಂಟರು, ಸಾಲ ಮಾಡಿಯಾದರೂ ಹಬ್ಬ. ಅದು ಬರುವುದೂ ಪರೀಕ್ಷೆಗೆ ಸ್ವಲ್ಪ ಮುಂಚೆ. ಆ ವರ್ಷ ಕೊನೆ ಕಂತಿನ ಆಸೆಯನ್ನೇ ಬಿಟ್ಟುಬಿಡುತ್ತೇವೆ. ಜಾತ್ರೆ ಊಟಕ್ಕೆ ಮಾತ್ರ ಎಲ್ಲ ಪೋಷಕರ ಮನೆಯಿಂದಲೂ ಕರೆ ಬರುತ್ತದೆ!

ಏರುವುದು ಯಾಕೆ? ಸಾಲದ ಕಂತು, ಕರೆಂಟು, ಸಂಬಳ. ವಿಮೆ, ಪರ್ಮಿಟ್, ಹಳದಿ ಬಣ್ಣದ ವ್ಯಾನು. ಡೊನೇಷನ್ ತೆಗೆದುಕೊಳ್ಳುತ್ತೀರಾ ಎಂದೂ ಕೇಳುತ್ತಾರೆ. ಇಲ್ಲ. 1984ರ ಕಾಯ್ದೆ ಅದನ್ನು ನಿಷೇಧಿಸಿದೆ. ಜೊತೆಗೆ, ನಿಜ ಹೇಳಬೇಕೆಂದರೆ, ನಮಗೆ ಕೇಳಿದರೂ ಯಾರು ಕೊಡುತ್ತಾರೆ?

ಟೀಚರ್‌ಗಳು ಯಾಕೆ ಪದೇ ಪದೇ ಬದಲಾಗುತ್ತಾರೆ?

ಸಂಬಳ ಕಮ್ಮಿ, ಅದಕ್ಕೇ. ಬಿ.ಇಡಿ. ಮುಗಿಸಿದ ಹುಡುಗಿ ನಮ್ಮಲ್ಲಿ ಎರಡು ವರ್ಷ ಕಲಿಸುತ್ತಾಳೆ. ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾದರೆ ಸರ್ಕಾರಿ ನೇಮಕಾತಿಗೆ ಕಾಯುತ್ತಾಳೆ, ಇಲ್ಲವೇ ದೊಡ್ಡ ಶಾಲೆಗೆ ಹೋಗುತ್ತಾಳೆ. ಅವರನ್ನು ತಡೆಯುವ ಮುಖ ನಮಗಿಲ್ಲ. ಉಳಿದವರು ಹತ್ತಿರದಲ್ಲೇ ಮನೆ ಇರುವವರು, ತಮ್ಮ ಮಕ್ಕಳೂ ಇಲ್ಲೇ ಓದುವವರು. ಅವರ ಮಕ್ಕಳಿಗೆ ಫೀಸಿಲ್ಲ. ಮೊದಲ ಹದಿನೈದು ವರ್ಷ ನಾವು ಕೊಟ್ಟ ಸಂಬಳ ನೆನೆದರೆ ನಾಚಿಕೆಯಾಗುತ್ತದೆ. ಕಟ್ಟಡದ ಉದ್ಘಾಟನೆಯ ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸಿದ್ದೇವೆ. ದೊಡ್ಡ ಮಿಸ್ಸು ಅವರ ಹೆಸರು ಅಲ್ಲಿಲ್ಲ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಅವರಿಗೆ ಸರಿಯಾದ ಸಂಬಳ ಕೊಟ್ಟಿದ್ದರೆ ಮೇಲಿನ ಮಹಡಿ ಏಳುತ್ತಿರಲಿಲ್ಲ.

20 ಜನ ಸಿಬ್ಬಂದಿಯಾದ ಮೇಲೆ ಪಿಎಫ್ ಬಂತು. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡಬೇಕಾದ ಇಡುಗಂಟಿನ ವಿಷಯದಲ್ಲಿ ಬಹಳ ವರ್ಷ ಗೊಂದಲವಿತ್ತು. 2009ರ ತಿದ್ದುಪಡಿ, ಶಿಕ್ಷಕರಿಗೂ 1997ರ ಏಪ್ರಿಲ್ 3ರಿಂದಲೇ ಅದು ಅನ್ವಯ ಎಂದಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೆಕ್ಕ ಸುಲಭ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಬರುತ್ತದೆ. ಸಾಮಾನ್ಯವಾಗಿ ಐದು ವರ್ಷ ಸೇವೆಯಾಗಿರಬೇಕು. ಈ ಲೆಕ್ಕವನ್ನು ಆಡಳಿತ ಮಂಡಳಿಯ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈಗ ಪ್ರತಿ ತಿಂಗಳು ಅದಕ್ಕೆಂದೇ ಒಂದಿಷ್ಟು ತೆಗೆದಿಡುತ್ತೇವೆ. ಬೇರೆ ಶಾಲೆಯಲ್ಲಿ ಕಲಿಸುವವರು ಇದನ್ನು ಓದುತ್ತಿದ್ದರೆ, ನಿಮ್ಮ ಲೆಕ್ಕ ನೀವೇ ಒಮ್ಮೆ ಹಾಕಿ ನೋಡಿ.

ಆರ್‌ಟಿಇ ಸೀಟು ಇದೆಯಾ?

ಹೊಸದಾಗಿ ಇಲ್ಲವೆಂದೇ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಕರ್ನಾಟಕದಲ್ಲಿ 2012–13ರಿಂದ ನಮ್ಮಂಥ ಅನುದಾನವಿಲ್ಲದ ಶಾಲೆಗಳು ಆರಂಭದ ತರಗತಿಯಲ್ಲಿ ನೂರಕ್ಕೆ 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕಾಯಿತು. ಫೀಸನ್ನು ಸರ್ಕಾರ ಒಂದು ಮಿತಿಯೊಳಗೆ ಕೊಡುತ್ತಿತ್ತು. ದೊಡ್ಡ ಶಾಲೆಗಳು ಮುಖ ಸಿಂಡರಿಸಿದವು. ನಮಗೆ ಅದು ವರ. ಸರ್ಕಾರದ ಮೊತ್ತ ನಮ್ಮ ಫೀಸಿಗೆ ಹತ್ತಿರವೇ ಇತ್ತು. ಹಣ ತಡವಾಗಿ ಬರುತ್ತಿತ್ತು, ನಿಜ. ಮೆಕ್ಕೆಜೋಳ ಕಾದವರಿಗೆ ಅದೇನು ಮಹಾ?

2019–20ರಿಂದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಕೊಡುವ ಹಾಗಿಲ್ಲ. ಊರೊಳಗೆ ಹತ್ತಿರ ಸರ್ಕಾರಿ ಶಾಲೆ ಇಲ್ಲದ ಬಡಾವಣೆ ಎಷ್ಟಿವೆ ಹೇಳಿ? ಸೀಟುಗಳು ಹೋದವು.

ಮೊದಲೇ ಸೇರಿದ ಮಕ್ಕಳ ಪೋಷಕರಿಗೆ ಒಂದು ಮಾತು. ಆರ್‌ಟಿಇ ಎಂಟನೇ ತರಗತಿವರೆಗೆ ಮಾತ್ರ. ಒಂಬತ್ತನೇ ಕ್ಲಾಸಿಗೆ ಫೀಸು ಕಟ್ಟಬೇಕು ಅಂದಾಗ ಕೆಲವರು ನಮ್ಮ ಮೇಲೆ ರೇಗುತ್ತಾರೆ. ಏಳನೇ ಕ್ಲಾಸಿನಲ್ಲೇ ಬಂದು ಮಾತಾಡಿ, ಕಂತು ಮಾಡಿಕೊಡುತ್ತೇವೆ.

ಕೊರೊನಾ ಸಮಯದಲ್ಲಿ ಹೇಗೆ ಉಳಿದಿರಿ?

ಉಳಿದೆವು ಅನ್ನುವುದೇ ದೊಡ್ಡದು. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ್ದು. ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಮ್ಮ ಮಕ್ಕಳ ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೊತೆ ಆಟೋದಲ್ಲಿ. ರಾತ್ರಿ ಎಂಟಕ್ಕೆ ಕ್ಲಾಸು ಇಟ್ಟೆವು. ಫೀಸಿನಲ್ಲಿ ನೂರಕ್ಕೆ 30 ಕಡಿಮೆ ಮಾಡಿ ಎಂದು 2021ರ ಜನವರಿಯಲ್ಲಿ ಸರ್ಕಾರ ಹೇಳಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು 15ಕ್ಕೆ ಇಳಿಸಿತು. ನಮ್ಮಲ್ಲಿ ಕಟ್ಟಿದವರೇ ಕಮ್ಮಿ, ನೂರಕ್ಕೆ ಎಷ್ಟಾದರೇನು! ಅರ್ಧ ಸಂಬಳ ಕೊಟ್ಟೆವು, ಕೆಲವು ತಿಂಗಳು ಅದೂ ಇಲ್ಲ. ವಿಜ್ಞಾನದ ಸರ್ ಮೆಕ್ಕೆಜೋಳದ ಗೋಡೌನಿನಲ್ಲಿ ತೂಕದ ಚೀಟಿ ಬರೆದರು. ಇಬ್ಬರು ಮಿಸ್ಸು ಬ್ಲೌಸ್ ಹೊಲಿದರು. ಒಬ್ಬರು ಮತ್ತೆ ಶಾಲೆಗೆ ಬರಲೇ ಇಲ್ಲ. ಹೊಲಿಗೆಯಲ್ಲೇ ಜಾಸ್ತಿ ಸಿಗುತ್ತದೆ ಸಾರ್, ಎಂದರು. ಅವರ ಲೆಕ್ಕ ಸರಿಯೇ ಇತ್ತು.

ಮಕ್ಕಳ ಸಂಖ್ಯೆ ಕಮ್ಮಿಯಾಗುತ್ತಿದೆಯಂತೆ. ಮುಚ್ಚುತ್ತೀರಾ?

ಸುಮ್ನೆ ಹಬ್ಬಿಸುವವರು ಹಬ್ಬಿಸುತ್ತಾರೆ. ಸಂಖ್ಯೆ ಕಮ್ಮಿಯಾಗಿರುವುದು ಹೌದು. ಆರ್‌ಟಿಇ ಹೋಯಿತು. 2019–20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು, ಆಮೇಲೆ ಇನ್ನೂ ಹೆಚ್ಚಿತು. ಎಷ್ಟೋ ಕಡೆ ಎಲ್‌ಕೆಜಿಯೂ ಬಂತು. ನಾವು ಯಾವ ಖಾಲಿ ಜಾಗದಲ್ಲಿ ಹುಟ್ಟಿದೆವೋ ಅದನ್ನು ಸರ್ಕಾರ ತಡವಾಗಿ ತುಂಬುತ್ತಿದೆ. ಅದರಿಂದ ನಮಗೆ ನಷ್ಟ. ಆದರೆ ಅದು ತಪ್ಪು ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಊಟ, ಪುಸ್ತಕ, ಕಲಿತ ಶಿಕ್ಷಕರು ಎಲ್ಲ ಇರುವ ಕಡೆ ಬಡವರ ಮಗು ಹೋದರೆ ಒಳ್ಳೆಯದೇ.

ಮುಚ್ಚುವುದಿಲ್ಲ. ಒಂದು ಕ್ಲಾಸಿಗೆ ಎರಡು ಸೆಕ್ಷನ್ ಇದ್ದದ್ದನ್ನು ಒಂದಕ್ಕೆ ಇಳಿಸಿದ್ದೇವೆ. ಬೆಂಚು ಖಾಲಿಯಾದ ಕೋಣೆಯಲ್ಲಿ ಈಗ ಲೈಬ್ರರಿ. ಮೊದಲು ಲೈಬ್ರರಿ ಅಂದರೆ ನನ್ನ ಮೇಜಿನ ಹಿಂದಿನ ಬೀರು.

ಸಿಬಿಎಸ್‌ಇ ಮಾಡುತ್ತೀರಾ? ಪಿಯುಸಿ ತೆರೆಯುತ್ತೀರಾ?

ಸಿಬಿಎಸ್‌ಇಗೆ ಬೇಕಾದಷ್ಟು ಜಾಗ ನಮ್ಮಲ್ಲಿಲ್ಲ. ಪಿಯುಸಿಗೆ ಈ ಊರಲ್ಲಿ ಕೊರತೆಯಿಲ್ಲ. ಎರಡಕ್ಕೂ ಉತ್ತರ ಇಲ್ಲ.

ಮಗುವಿಗೆ ಐದೂವರೆ ವರ್ಷ. ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತೀರಾ?

ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ 2025–26ರಿಂದ ಜಾರಿಯಾಗಬೇಕಿತ್ತು. ಆ ವರ್ಷ ಪೋಷಕರ ಒತ್ತಾಯಕ್ಕೆ 5 ವರ್ಷ 5 ತಿಂಗಳು ಆಗಿದ್ದವರಿಗೂ ಅವಕಾಶ ಕೊಟ್ಟರು. ನೀವು ಸೇರಿಸುವ ವರ್ಷದ ಸುತ್ತೋಲೆ ಏನು ಹೇಳುತ್ತದೋ ಅದರಂತೆ. ನಮ್ಮನ್ನು ಒತ್ತಾಯ ಮಾಡಬೇಡಿ. ದಾಖಲಾತಿ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ಹೋಗುತ್ತದೆ, ಅದಕ್ಕೆ ನನ್ನ ದಾಕ್ಷಿಣ್ಯ ಗೊತ್ತಾಗುವುದಿಲ್ಲ.

ನಾನು ಹಳೆಯ ವಿದ್ಯಾರ್ಥಿ. ಟಿಸಿ ಕಳೆದುಹೋಗಿದೆ, ಜನ್ಮ ದಿನಾಂಕವೂ ತಪ್ಪಿದೆ. ಏನು ಮಾಡಲಿ?

ಮೊದಲು ಸೇರಿದ ವರ್ಷ, ಬಿಟ್ಟ ವರ್ಷ, ಅಪ್ಪನ ಹೆಸರು ಬರೆದುಕೊಂಡು ಬನ್ನಿ. ದಾಖಲಾತಿ ಪುಸ್ತಕಗಳು ಮೊದಲ ವರ್ಷದಿಂದಲೂ ಇವೆ. ಶೀಟು ಹಾರಿದ ದಿನ ದೊಡ್ಡ ಮಿಸ್ಸು ಮೊದಲು ಹೊತ್ತು ಹೊರಗೆ ತಂದದ್ದು ಅವನ್ನೇ. ಟಿಸಿಯ ನಕಲು ಪ್ರತಿಗೆ ಅರ್ಜಿ ಮತ್ತು ಅಫಿಡವಿಟ್ ಬೇಕು. ದಾಖಲಾತಿಯ ಉದ್ಧೃತ ಭಾಗ ಮಾತ್ರ ಸಾಕಾದರೆ ಬೇಗ ಕೊಡುತ್ತೇವೆ.

ಜನ್ಮ ದಿನಾಂಕದ ವಿಷಯ. ಹಳೆಯ ಪುಸ್ತಕ ತೆರೆದರೆ ಪುಟದ ತುಂಬ ಜೂನ್ 1. ಜನನ ಪತ್ರ ಇಲ್ಲದ ಮಗುವನ್ನು ಅಜ್ಜಿ ಕರೆದುಕೊಂಡು ಬಂದು "ಜ್ವಾಳ ಕೊಯ್ಯೋ ಕಾಲಕ್ಕೆ ಹುಟ್ಟಿದ್ದು" ಎಂದರೆ ಮೇಷ್ಟ್ರು ಇನ್ನೇನು ಬರೆಯುತ್ತಾರೆ? ನನ್ನದೂ ಜೂನ್ 1ರ ಹುಟ್ಟುಹಬ್ಬವೇ. ಅದನ್ನು ಈಗ ನಾವೇ ತಿದ್ದಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿದಿದ್ದರೆ ಅಂಕಪಟ್ಟಿಯಲ್ಲೂ ಅದೇ ಇರುತ್ತದೆ. ಹಾಗಾಗಿ ಕೋರ್ಟಿಗೇ ಹೋಗಬೇಕು. ಕೋರ್ಟಿನ ಆದೇಶ ತಂದರೆ ಇಲಾಖೆ ಮೂಲಕ ತಿದ್ದುಪಡಿ ಮಾಡಿಸುತ್ತೇವೆ. ಹೆಸರಿನ ಅಕ್ಷರ ತಪ್ಪು, ಇನಿಷಿಯಲ್ ತಪ್ಪು ಇದ್ದರೆ, ಮಗು ಇನ್ನೂ ಓದುತ್ತಿರುವಾಗಲೇ, ಹತ್ತನೇ ಪರೀಕ್ಷೆಯ ಅರ್ಜಿ ತುಂಬುವ ಮುಂಚೆ ಬನ್ನಿ. ಆಫೀಸು ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ನನಗೆ ಒಂಬತ್ತನೇ ಕ್ಲಾಸಿನ ಗಣಿತದ ಪೀರಿಯಡ್ ಇರುತ್ತದೆ, ಆ ಹೊತ್ತು ಬಿಟ್ಟು ಬನ್ನಿ.